ಡಿವೈಸ್ ಟ್ರೀಯಲ್ಲಿ ಎಡಿಸಿ ಕ್ಲಾಕ್ ಸಂಪರ್ಕಗಳ ವಿವರಣೆ

ಡಿವೈಸ್ ಟ್ರೀಯಲ್ಲಿ ಎಡಿಸಿ ಕ್ಲಾಕ್ ಸಂಪರ್ಕಗಳ ವಿವರಣೆ ಎಂಬುದು ಎಂಬೆಡೆಡ್ ಗಣಕ ವ್ಯವಸ್ಥೆಗಳಲ್ಲಿ ಅನಲಾಗ್-ಡಿಜಿಟಲ್ ಪರಿವರ್ತಕಕ್ಕೆ ಯಾವ ಮೂಲದಿಂದ, ಯಾವ ಉದ್ದೇಶಕ್ಕಾಗಿ, ಎಷ್ಟು ಆವರ್ತನದ ಕ್ಲಾಕ್ ಸಂಕೇತ ದೊರೆಯುತ್ತದೆ ಎಂಬುದನ್ನು ಯಂತ್ರಾಂಶ ವಿವರಣಾ ಕಡತದಲ್ಲಿ ನಮೂದಿಸುವ ಕ್ರಮವಾಗಿದೆ. ಲಿನಕ್ಸ್ ಕರ್ನಲ್, ಯು-ಬೂಟ್ ಹಾಗೂ ಜೆಫಿರ್ ಮುಂತಾದ ತಂತ್ರಾಂಶಗಳು ಡಿವೈಸ್ ಟ್ರೀಯನ್ನು ಬಳಸುತ್ತವೆ. ಅನಲಾಗ್-ಡಿಜಿಟಲ್ ಪರಿವರ್ತಕವನ್ನು ಸಂಕ್ಷಿಪ್ತವಾಗಿ ಎಡಿಸಿ ಎಂದು ಕರೆಯಲಾಗುತ್ತದೆ. ಎಡಿಸಿಯ ಮಟ್ಟಿಗೆ ಕ್ಲಾಕ್ ಎಂಬುದು ಕೇವಲ ಚಾಲನಾ ಸಂಕೇತವಲ್ಲ. ಅದು ಅಳತೆಯ ಕಾಲಮಾನವೂ ಹೌದು. ಆದ್ದರಿಂದ ಕಡತದಲ್ಲಿನ ಒಂದು ತಪ್ಪು ಸಂಖ್ಯೆ ಯಾವ ದೋಷಸೂಚನೆಯನ್ನೂ ನೀಡದೆ ಅಳತೆಗಳನ್ನು ತಪ್ಪಾಗಿಸಬಲ್ಲದು.

ಡಿವೈಸ್ ಟ್ರೀ ಕಡತಗಳನ್ನು ವಾಸ್ತವದಲ್ಲಿ ರೋಮನ್ ಲಿಪಿಯಲ್ಲಿಯೇ ಬರೆಯಲಾಗುತ್ತದೆ. ಈ ಲೇಖನದಲ್ಲಿ ಗುಣಗಳ ಹೆಸರುಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

== ಹಿನ್ನೆಲೆ ==

ವೈಯಕ್ತಿಕ ಗಣಕಗಳಲ್ಲಿ ಪಿಸಿಐ, ಯುಎಸ್‌ಬಿ ಮುಂತಾದ ಸಂಪರ್ಕಗಳಿಗೆ ಜೋಡಿಸಿದ ಸಾಧನಗಳು ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುತ್ತವೆ. ಎಂಬೆಡೆಡ್ ಫಲಕಗಳಲ್ಲಿನ ಬಹುತೇಕ ಸಾಧನಗಳಿಗೆ ಈ ಸಾಮರ್ಥ್ಯವಿಲ್ಲ. ಒಂದು ಚಿಪ್‌ನೊಳಗಿನ ಎಡಿಸಿ ಯಾವ ವಿಳಾಸದಲ್ಲಿದೆ, ಅದಕ್ಕೆ ಯಾವ ಕ್ಲಾಕ್ ತಲುಪುತ್ತದೆ ಎಂಬುದನ್ನು ಕರ್ನಲ್‌ಗೆ ಬೇರೆ ಯಾರಾದರೂ ತಿಳಿಸಬೇಕಾಗುತ್ತದೆ. ಈ ಮಾಹಿತಿಯನ್ನು ವೃಕ್ಷದ ಆಕಾರದಲ್ಲಿ ಜೋಡಿಸಿದ ದತ್ತಾಂಶವೇ ಡಿವೈಸ್ ಟ್ರೀ.

ಇದರ ಮೂಲ 1994ರ ಐಇಇಇ 1275 ಮಾನಕವಾದ ಓಪನ್ ಫರ್ಮ್‌ವೇರ್‌ನಲ್ಲಿದೆ. ಸನ್ ಮೈಕ್ರೋಸಿಸ್ಟಮ್ಸ್‌ನ ಗಣಕಗಳಲ್ಲಿಯೂ ಆಪಲ್‌ನ ಪವರ್‌ಪಿಸಿ ಗಣಕಗಳಲ್ಲಿಯೂ ಇದು ಬಳಕೆಯಲ್ಲಿತ್ತು. ಅನಂತರ ಲಿನಕ್ಸ್‌ನ ಪವರ್‌ಪಿಸಿ ಆವೃತ್ತಿಯು ಇದರ ಸರಳ ರೂಪವನ್ನು ಅಳವಡಿಸಿಕೊಂಡಿತು. ಎಆರ್‌ಎಂ ಸಂಸ್ಕಾರಕಗಳಲ್ಲಿ ಪ್ರತಿ ಫಲಕಕ್ಕೂ ಪ್ರತ್ಯೇಕ ಸಿ ಭಾಷೆಯ ಕಡತ ಬರೆಯುವ ಪದ್ಧತಿಯಿತ್ತು. ಇದರಿಂದ ಕರ್ನಲ್‌ನಲ್ಲಿ ಪುನರಾವರ್ತಿತ ಸಂಕೇತಗಳು ಬೆಳೆಯುತ್ತಿದ್ದುದನ್ನು 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿ ಟೀಕಿಸಿದ ನಂತರ, ಎಆರ್‌ಎಂ ಆವೃತ್ತಿಯೂ ಡಿವೈಸ್ ಟ್ರೀಯ ಕಡೆಗೆ ವೇಗವಾಗಿ ಸಾಗಿತು. 2012ರಲ್ಲಿ ಲಿನಕ್ಸ್ 3.4 ಆವೃತ್ತಿಯೊಂದಿಗೆ ಸಾಮಾನ್ಯ ಕ್ಲಾಕ್ ಚೌಕಟ್ಟು ಕರ್ನಲ್‌ಗೆ ಸೇರಿತು. ಇದರಿಂದ ಎಲ್ಲ ಚಿಪ್‌ಗಳ ಕ್ಲಾಕ್‌ಗಳನ್ನು ಒಂದೇ ರೀತಿಯಲ್ಲಿ ನಿರ್ವಹಿಸುವುದು ಸಾಧ್ಯವಾಯಿತು.

== ಎಡಿಸಿಗೆ ಬೇಕಾಗುವ ಕ್ಲಾಕ್‌ಗಳು ==

ಒಂದು ಎಡಿಸಿಗೆ ಒಂದೇ ಕ್ಲಾಕ್ ಇರುತ್ತದೆ ಎಂಬ ಭಾವನೆ ಸಾಮಾನ್ಯವಾಗಿದ್ದರೂ ಅನೇಕ ಸಂದರ್ಭಗಳಲ್ಲಿ ಅದು ಸರಿಯಲ್ಲ. ಉದ್ದೇಶಕ್ಕೆ ಅನುಗುಣವಾಗಿ ಈ ಕ್ಲಾಕ್‌ಗಳನ್ನು ಹೀಗೆ ವಿಂಗಡಿಸಬಹುದು:

* ಬಸ್ ಕ್ಲಾಕ್: ಸಂಸ್ಕಾರಕವು ಎಡಿಸಿಯ ರಿಜಿಸ್ಟರ್‌ಗಳನ್ನು ಓದಲು ಮತ್ತು ಬರೆಯಲು ಇದು ಅವಶ್ಯಕ. ಇದು ಸ್ಥಗಿತಗೊಂಡಿದ್ದಾಗ ರಿಜಿಸ್ಟರ್‌ನ್ನು ಮುಟ್ಟಿದರೆ ಕೆಲವು ಚಿಪ್‌ಗಳಲ್ಲಿ ಇಡೀ ವ್ಯವಸ್ಥೆಯೇ ನಿಂತುಹೋಗುತ್ತದೆ.
* ಪರಿವರ್ತನಾ ಕ್ಲಾಕ್: ಅನಲಾಗ್ ಭಾಗದ ಕೆಲಸಕ್ಕೆ ತಾಳ ಹಾಕುವ ಸಂಕೇತ. ಅನುಕ್ರಮ ಸನ್ನಿಹಿತ ವಿಧಾನದ, ಅಂದರೆ ಎಸ್‌ಎಆರ್ ಮಾದರಿಯ ಎಡಿಸಿಗಳು ಸಾಮಾನ್ಯವಾಗಿ ಪ್ರತಿ ಬಿಟ್‌ನ ನಿರ್ಣಯಕ್ಕೆ ಇದರ ಒಂದು ಆವರ್ತವನ್ನು ಬಳಸುತ್ತವೆ.
* ಮಾಸ್ಟರ್ ಕ್ಲಾಕ್: ಪ್ರತ್ಯೇಕ ಚಿಪ್ ರೂಪದ ಸಿಗ್ಮಾ-ಡೆಲ್ಟಾ ಎಡಿಸಿಗಳಿಗೆ ಹೊರಗಿನ ಸ್ಫಟಿಕದಿಂದ ಅಥವಾ ಆಂದೋಲಕದಿಂದ ಒದಗುವ ಸಂಕೇತ. ಮಾದರಿ ಸಂಗ್ರಹದ ದರ ಮತ್ತು ಅಂಕೀಯ ಶೋಧಕದ ಗುಣಗಳು ಇದನ್ನೇ ಅವಲಂಬಿಸಿರುತ್ತವೆ.

ಇವುಗಳಿಂದ ಭಿನ್ನವಾದ ಇನ್ನೊಂದು ಸಂಕೇತವೆಂದರೆ ಎಸ್‌ಪಿಐ ಸಂಪರ್ಕದ ಕ್ಲಾಕ್. ಪರಿವರ್ತನೆಯ ಫಲಿತಾಂಶವನ್ನು ಸಂಸ್ಕಾರಕಕ್ಕೆ ಸಾಗಿಸುವುದು ಇದರ ಕೆಲಸ. ಇದರ ಗರಿಷ್ಠ ಮಿತಿಯನ್ನು 'ಎಸ್‌ಪಿಐ-ಮ್ಯಾಕ್ಸ್-ಫ್ರೀಕ್ವೆನ್ಸಿ' ಎಂಬ ಬೇರೆ ಗುಣದಲ್ಲಿ ಸೂಚಿಸಲಾಗುತ್ತದೆ. ಮಾಸ್ಟರ್ ಕ್ಲಾಕ್‌ನ ಆವರ್ತನವನ್ನು ಇಲ್ಲಿ ಬರೆಯುವುದು ಹೊಸಬರು ಮಾಡುವ ತಪ್ಪುಗಳಲ್ಲಿ ಒಂದು.

== ಪೂರೈಕೆದಾರ ಮತ್ತು ಬಳಕೆದಾರ ==

ಡಿವೈಸ್ ಟ್ರೀಯಲ್ಲಿ ಪ್ರತಿ ಸಾಧನವನ್ನೂ ಒಂದು ನೋಡ್ ಪ್ರತಿನಿಧಿಸುತ್ತದೆ. ಕ್ಲಾಕ್ ಸಂಬಂಧದಲ್ಲಿ ನೋಡ್‌ಗಳು ಎರಡು ಪಾತ್ರಗಳನ್ನು ವಹಿಸುತ್ತವೆ. ಕ್ಲಾಕ್ ಉತ್ಪಾದಿಸುವ ಅಥವಾ ಹಂಚುವ ನೋಡ್ ಪೂರೈಕೆದಾರ. ಅದನ್ನು ಪಡೆಯುವ ನೋಡ್ ಬಳಕೆದಾರ. ಎಡಿಸಿ ಸಾಮಾನ್ಯವಾಗಿ ಬಳಕೆದಾರ. ಕಡತದಲ್ಲಿ ಈ ಸಂಬಂಧವನ್ನು ಯಾವಾಗಲೂ ಬಳಕೆದಾರನ ಕಡೆಯಿಂದಲೇ ಬರೆಯಲಾಗುತ್ತದೆ: ತನಗೆ ಎಲ್ಲಿಂದ ಕ್ಲಾಕ್ ಬರುತ್ತದೆ ಎಂದು ಎಡಿಸಿಯ ನೋಡ್ ಹೇಳುತ್ತದೆಯೇ ಹೊರತು, ತಾನು ಯಾರಿಗೆಲ್ಲ ಕೊಡುತ್ತೇನೆ ಎಂದು ಪೂರೈಕೆದಾರ ಪಟ್ಟಿ ಮಾಡುವುದಿಲ್ಲ.

ಇದಕ್ಕಾಗಿ ಬಳಸುವ ಪ್ರಮುಖ ಗುಣಗಳು ಇವು:

* '#ಕ್ಲಾಕ್-ಸೆಲ್ಸ್': ಇದು ಪೂರೈಕೆದಾರನ ನೋಡ್‌ನಲ್ಲಿರುತ್ತದೆ. ತನ್ನ ಒಂದು ಕ್ಲಾಕ್‌ನ್ನು ಗುರುತಿಸಲು ಎಷ್ಟು ಸಂಖ್ಯೆಗಳು ಬೇಕು ಎಂಬುದನ್ನು ತಿಳಿಸುತ್ತದೆ. ಒಂದೇ ಕ್ಲಾಕ್ ನೀಡುವ ಆಂದೋಲಕಕ್ಕೆ ಇದರ ಬೆಲೆ 0. ಹಲವು ಕ್ಲಾಕ್‌ಗಳನ್ನು ನೀಡುವ ನಿಯಂತ್ರಕಕ್ಕೆ 1 ಅಥವಾ ಅದಕ್ಕಿಂತ ಹೆಚ್ಚು.
* 'ಕ್ಲಾಕ್ಸ್': ಬಳಕೆದಾರನ ನೋಡ್‌ನಲ್ಲಿರುವ ಪಟ್ಟಿ. ಪ್ರತಿ ನಮೂದಿನಲ್ಲಿ ಪೂರೈಕೆದಾರನ ನೋಡ್‌ಗೆ ಒಂದು ಸೂಚಿಯೂ, ಅದರ ಹಿಂದೆ '#ಕ್ಲಾಕ್-ಸೆಲ್ಸ್' ಹೇಳಿದಷ್ಟು ಸಂಖ್ಯೆಗಳೂ ಇರುತ್ತವೆ. ಈ ಸೂಚಿಗೆ ಫ್ಯಾಂಡಲ್ ಎಂದು ಹೆಸರು.
* 'ಕ್ಲಾಕ್-ನೇಮ್ಸ್': ಮೇಲಿನ ಪಟ್ಟಿಯ ಪ್ರತಿ ನಮೂದಿಗೂ ಅದೇ ಕ್ರಮದಲ್ಲಿ ಕೊಡುವ ಹೆಸರು. ಈ ಹೆಸರು ಎಡಿಸಿಯ ದೃಷ್ಟಿಯಿಂದ ಇರಬೇಕು. ಅಂದರೆ ಕ್ಲಾಕ್ ಒಳಬರುವ ತುದಿಯ ಹೆಸರೇ ಹೊರತು ಮೂಲದ ಹೆಸರಲ್ಲ.
* 'ಅಸೈನ್ಡ್-ಕ್ಲಾಕ್ಸ್', 'ಅಸೈನ್ಡ್-ಕ್ಲಾಕ್-ಪೇರೆಂಟ್ಸ್', 'ಅಸೈನ್ಡ್-ಕ್ಲಾಕ್-ರೇಟ್ಸ್': ಸಾಧನದ ಚಾಲಕ ಕೆಲಸ ಆರಂಭಿಸುವ ಮೊದಲೇ ಕ್ಲಾಕ್‌ನ ಮೂಲವನ್ನೂ ದರವನ್ನೂ ನಿಗದಿಪಡಿಸಲು ಇರುವ ಗುಣಗಳು. ಕರ್ನಲ್ ಮೊದಲು ಮೂಲಗಳನ್ನು, ಆಮೇಲೆ ದರಗಳನ್ನು ಹೊಂದಿಸುತ್ತದೆ.

'ಕ್ಲಾಕ್ಸ್' ಮತ್ತು 'ಕ್ಲಾಕ್-ನೇಮ್ಸ್' ಪಟ್ಟಿಗಳ ಕ್ರಮ ಒಂದಕ್ಕೊಂದು ಹೊಂದಿಕೆಯಾಗದಿದ್ದರೆ ಚಾಲಕವು ಬಸ್ ಕ್ಲಾಕ್ ಎಂದು ಭಾವಿಸಿ ಪರಿವರ್ತನಾ ಕ್ಲಾಕ್‌ನ ದರವನ್ನು ಬದಲಿಸುವ ಅಪಾಯವಿದೆ. ಕಡತದ ರಚನೆ ಸರಿಯಾಗಿಯೇ ಇರುವುದರಿಂದ ಇಂತಹ ಅದಲುಬದಲನ್ನು ಸಂಕಲಕ ಗುರುತಿಸಲಾರದು.

== ಉದಾಹರಣೆಗಳು ==

=== ಎಸ್‌ಟಿಎಂ32 ಎಫ್4 ===

ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್‌ನ ಎಸ್‌ಟಿಎಂ32 ಎಫ್4 ಸರಣಿಯಲ್ಲಿ ಕ್ಲಾಕ್‌ಗಳನ್ನು ಹಂಚುವ ಘಟಕಕ್ಕೆ ಆರ್‌ಸಿಸಿ ಎಂದು ಹೆಸರು. ಇದರ '#ಕ್ಲಾಕ್-ಸೆಲ್ಸ್' ಬೆಲೆ 2. ಮೊದಲನೆಯ ಎಡಿಸಿಯ ನೋಡ್‌ನಲ್ಲಿ 'ಕ್ಲಾಕ್ಸ್' ಗುಣದ ಬೆಲೆ, ಆರ್‌ಸಿಸಿಯ ಸೂಚಿ ಮತ್ತು ಅದರ ಮುಂದೆ 0 ಹಾಗೂ 168 ಎಂಬ ಸಂಖ್ಯೆಗಳಾಗಿರುತ್ತದೆ. ಇಲ್ಲಿ 0 ಎಂದರೆ ಬಾಹ್ಯ ಸಾಧನಗಳ ದ್ವಾರನಿಯಂತ್ರಿತ ಕ್ಲಾಕ್ ಎಂದರ್ಥ. 168 ಎಂಬುದು ಮನಬಂದಂತೆ ಆರಿಸಿದ ಸಂಖ್ಯೆಯಲ್ಲ. ಕ್ಲಾಕ್‌ಗಳನ್ನು ತೆರೆಯುವ ರಿಜಿಸ್ಟರ್‌ಗಳ ಸಾಲಿನಲ್ಲಿ ಎಪಿಬಿ2 ಬಸ್‌ನ ರಿಜಿಸ್ಟರ್ ಮೊದಲನೆಯದರಿಂದ 5 ಪದಗಳಷ್ಟು ಮುಂದಿದೆ. ಪ್ರತಿ ಪದದಲ್ಲಿ 32 ಬಿಟ್‌ಗಳಿರುವುದರಿಂದ 160. ಮೊದಲನೆಯ ಎಡಿಸಿಯ ಬಿಟ್ 8ನೆಯ ಸ್ಥಾನದಲ್ಲಿರುವುದರಿಂದ ಒಟ್ಟು 168. ಎರಡನೆಯ ಮತ್ತು ಮೂರನೆಯ ಎಡಿಸಿಗಳಿಗೆ 169 ಮತ್ತು 170 ಬಳಕೆಯಾಗುತ್ತವೆ.

ಈ ಸರಣಿಯ ಎಫ್407 ಚಿಪ್‌ನಲ್ಲಿ ಎಪಿಬಿ2 ಬಸ್‌ನ ಗರಿಷ್ಠ ವೇಗ 84 ಮೆಗಾಹರ್ಟ್ಸ್. ಎಡಿಸಿಯ ಅನಲಾಗ್ ಭಾಗ 2.4 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ ಪೂರೈಕೆಯಲ್ಲಿ 36 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೆಲಸ ಮಾಡಬಲ್ಲದು. ಬಸ್‌ನ ವೇಗವನ್ನು 2, 4, 6 ಅಥವಾ 8ರಿಂದ ಭಾಗಿಸುವ ಅವಕಾಶವಿದೆ. 84ನ್ನು 2ರಿಂದ ಭಾಗಿಸಿದರೆ ದೊರೆಯುವ 42 ಮೆಗಾಹರ್ಟ್ಸ್ ಮಿತಿಯನ್ನು ಮೀರುತ್ತದೆ. ಆದ್ದರಿಂದ 4ರಿಂದ ಭಾಗಿಸಿ 21 ಮೆಗಾಹರ್ಟ್ಸ್ ಬಳಸಬೇಕಾಗುತ್ತದೆ. 12 ಬಿಟ್‌ಗಳ ಒಂದು ಪರಿವರ್ತನೆಗೆ ಮಾದರಿ ಹಿಡಿಯುವ ಕನಿಷ್ಠ 3 ಆವರ್ತಗಳೂ ಸೇರಿ 15 ಆವರ್ತಗಳು ಬೇಕು. ಹೀಗಾಗಿ ಈ ಸ್ಥಿತಿಯಲ್ಲಿ ಒಂದು ಸೆಕೆಂಡಿಗೆ ಗರಿಷ್ಠ 14 ಲಕ್ಷ ಮಾದರಿಗಳು ದೊರೆಯುತ್ತವೆ. ಚಾಲಕವು ಈ ಭಾಜಕವನ್ನು ತಾನೇ ಆರಿಸಿಕೊಳ್ಳುತ್ತದೆ. ಆದರೆ ಅದು ಆರಿಸುವುದು ಡಿವೈಸ್ ಟ್ರೀಯಲ್ಲಿ ಸೂಚಿಸಿದ ಕ್ಲಾಕ್‌ನ ದರವನ್ನು ನೋಡಿ. ತಪ್ಪು ಕ್ಲಾಕ್‌ನ್ನು ಸೂಚಿಸಿದ್ದರೆ ಲೆಕ್ಕವೂ ತಪ್ಪುತ್ತದೆ.

=== ಎಸ್‌ಟಿಎಂ32 ಎಚ್7 ===

ಇದೇ ಸಂಸ್ಥೆಯ ಎಚ್7 ಸರಣಿಯಲ್ಲಿ ವ್ಯವಸ್ಥೆ ಬೇರೆಯಾಗಿದೆ. ಇಲ್ಲಿ ರಿಜಿಸ್ಟರ್‌ಗಳಿಗೆ 'ಬಸ್' ಎಂಬ ಕ್ಲಾಕ್ ಕಡ್ಡಾಯ. ಅನಲಾಗ್ ಭಾಗಕ್ಕೆ ಪ್ರತ್ಯೇಕವಾದ 'ಎಡಿಸಿ' ಎಂಬ ಕ್ಲಾಕ್ ಐಚ್ಛಿಕ. ಅದು ಇಲ್ಲದಿದ್ದರೆ ಬಸ್ ಕ್ಲಾಕ್‌ನಿಂದಲೇ ಪರಿವರ್ತನಾ ಕ್ಲಾಕ್‌ನ್ನು ಪಡೆಯಬಹುದು. ಎಫ್4ರಲ್ಲಿ ಇದಕ್ಕೆ ವ್ಯತಿರಿಕ್ತವಾಗಿ 'ಎಡಿಸಿ' ಎಂಬ ಹೆಸರೇ ಕಡ್ಡಾಯ, 'ಬಸ್' ಇಲ್ಲ. ಒಂದೇ ಚಾಲಕವನ್ನು ಹಂಚಿಕೊಳ್ಳುವ ಚಿಪ್‌ಗಳ ನಡುವೆಯೂ ನಿಯಮಗಳು ಬದಲಾಗುತ್ತವೆ ಎಂಬುದಕ್ಕೆ ಇದು ನಿದರ್ಶನ.

=== ರಾಕ್‌ಚಿಪ್ ಮತ್ತು ಆಮ್‌ಲಾಜಿಕ್ ===

ರಾಕ್‌ಚಿಪ್‌ನ ಆರ್‌ಕೆ3399 ಮುಂತಾದ ಚಿಪ್‌ಗಳಲ್ಲಿ ಎಡಿಸಿಯ ನೋಡ್‌ಗೆ ಎರಡು ಕ್ಲಾಕ್‌ಗಳು ಬೇಕು: ಪರಿವರ್ತನೆಗೆ 'ಸಾರ್‌ಎಡಿಸಿ', ರಿಜಿಸ್ಟರ್‌ಗಳಿಗೆ 'ಎಪಿಬಿ_ಪಿಕ್ಲಾಕ್'. ಆಮ್‌ಲಾಜಿಕ್‌ನ ಮೆಸನ್ ಸರಣಿಯಲ್ಲಿ ಮೂಲ ಸ್ಫಟಿಕದ ಸಂಕೇತಕ್ಕೆ ಒಂದು, ಎಡಿಸಿಯ ಒಳಘಟಕಕ್ಕೆ ಒಂದು ಎಂದು ಎರಡು ಕ್ಲಾಕ್‌ಗಳಿರುತ್ತವೆ. ಇವಲ್ಲದೆ ಮಾದರಿ ಸಂಗ್ರಹದ ಕ್ಲಾಕ್ ಮತ್ತು ಅದರ ಮೂಲವನ್ನು ಆರಿಸುವ ಸ್ವಿಚ್ ಇವುಗಳಿಗೂ ಪ್ರತ್ಯೇಕ ನಮೂದುಗಳಿಗೆ ಅವಕಾಶವಿದೆ.

=== ಎಡಿ7192 ===

ಅನಲಾಗ್ ಡಿವೈಸಸ್‌ನ ಎಡಿ7192 ಎಂಬುದು 24 ಬಿಟ್‌ಗಳ ಸಿಗ್ಮಾ-ಡೆಲ್ಟಾ ಎಡಿಸಿ. ತೂಕಮಾಪಕಗಳಲ್ಲಿ ಇಂತಹ ಚಿಪ್‌ಗಳು ಬಳಕೆಯಾಗುತ್ತವೆ. ಇದಕ್ಕೆ ಕ್ಲಾಕ್ ಒದಗಿಸಲು ಮೂರು ದಾರಿಗಳಿವೆ: ಚಿಪ್‌ನ ಎರಡು ತುದಿಗಳ ನಡುವೆ ಸ್ಫಟಿಕವನ್ನು ಜೋಡಿಸುವುದು, ಹೊರಗಿನ ಆಂದೋಲಕದ ಸಂಕೇತವನ್ನು ಒಂದು ತುದಿಗೆ ಕೊಡುವುದು ಅಥವಾ ಒಳಗಿರುವ 4.92 ಮೆಗಾಹರ್ಟ್ಸ್ ಆಂದೋಲಕವನ್ನೇ ಬಳಸುವುದು. ಮೊದಲ ಎರಡು ಸಂದರ್ಭಗಳನ್ನು ಕ್ರಮವಾಗಿ 'ಎಕ್ಸ್‌ಟಾಲ್' ಮತ್ತು 'ಎಂಕ್ಲಾಕ್' ಎಂಬ ಹೆಸರುಗಳಿಂದ ಗುರುತಿಸಲಾಗುತ್ತದೆ. 'ಕ್ಲಾಕ್ಸ್' ಗುಣವೇ ಇಲ್ಲದಿದ್ದರೆ ಒಳಗಿನ ಆಂದೋಲಕ ಬಳಕೆಯಾಗುತ್ತದೆ. ಒಳಗಿನ ಕ್ಲಾಕ್‌ನ್ನು ಹೊರಗೆ ಬೇರೆ ಚಿಪ್‌ಗೆ ಕೊಡುವ ಸಂದರ್ಭದಲ್ಲಿ ಎಡಿಸಿಯೇ ಪೂರೈಕೆದಾರನಾಗುತ್ತದೆ. ಆಗ ಅದರ ನೋಡ್‌ನಲ್ಲಿ '#ಕ್ಲಾಕ್-ಸೆಲ್ಸ್' ಬೆಲೆ 0 ಎಂದಿರುತ್ತದೆ.

ಹೊರಗಿನ ಸ್ಫಟಿಕವನ್ನು ವಿವರಿಸಲು 'ಫಿಕ್ಸ್ಡ್-ಕ್ಲಾಕ್' ಎಂಬ ಪ್ರತ್ಯೇಕ ನೋಡ್ ರಚಿಸಿ, ಅದರ 'ಕ್ಲಾಕ್-ಫ್ರೀಕ್ವೆನ್ಸಿ' ಗುಣದಲ್ಲಿ 4915200 ಎಂದು ಹರ್ಟ್ಸ್‌ಗಳಲ್ಲಿ ಬರೆಯಲಾಗುತ್ತದೆ. ಎಡಿಸಿಯ ನೋಡ್ ಇದನ್ನು ಸೂಚಿಸುತ್ತದೆ.

== ತಪ್ಪು ಆವರ್ತನದ ಪರಿಣಾಮ ==

'ಫಿಕ್ಸ್ಡ್-ಕ್ಲಾಕ್' ನೋಡ್‌ನಲ್ಲಿ ಬರೆದ ಆವರ್ತನವನ್ನು ಕರ್ನಲ್ ಅಳೆದು ನೋಡುವುದಿಲ್ಲ. ಬರೆದದ್ದನ್ನು ಹಾಗೆಯೇ ನಂಬುತ್ತದೆ. ಇದರ ಪರಿಣಾಮವನ್ನು ಎಡಿ7192ರ ಲೆಕ್ಕದಿಂದ ತಿಳಿಯಬಹುದು.

ಈ ಚಿಪ್‌ನ ಸಾಮಾನ್ಯ ಸ್ಥಿತಿಯಲ್ಲಿ ಮಾದರಿಗಳ ದರವು ಮಾಸ್ಟರ್ ಕ್ಲಾಕ್‌ನ ಆವರ್ತನವನ್ನು 1024ರಿಂದಲೂ, ಬಳಿಕ 1ರಿಂದ 1023ರವರೆಗಿನ ಒಂದು ಭಾಜಕದಿಂದಲೂ ಭಾಗಿಸಿದಾಗ ದೊರೆಯುವ ಸಂಖ್ಯೆ. 49,15,200ನ್ನು 1024ರಿಂದ ಭಾಗಿಸಿದರೆ 4800. ಭಾಜಕ 96 ಆದರೆ ಸೆಕೆಂಡಿಗೆ 50 ಮಾದರಿಗಳು. ಈ ಶೋಧಕವು ಮಾದರಿಗಳ ದರಕ್ಕೆ ಸಮನಾದ ಆವರ್ತನವನ್ನೂ ಅದರ ಗುಣಕಗಳನ್ನೂ ತಡೆಯುತ್ತದೆ. ಭಾರತದ ವಿದ್ಯುತ್ ಜಾಲದ ಆವರ್ತನ 50 ಹರ್ಟ್ಸ್ ಆಗಿರುವುದರಿಂದ, ತಂತಿಗಳಿಂದ ಸೇರಿಕೊಳ್ಳುವ ಗುಂಯ್‌ಗುಡುವ ಅಡಚಣೆ ಈ ಆಯ್ಕೆಯಲ್ಲಿ ತೊಲಗುತ್ತದೆ. 60 ಹರ್ಟ್ಸ್ ಜಾಲವಿರುವ ದೇಶಗಳಲ್ಲಿ ಭಾಜಕ 80 ಅದೇ ಕೆಲಸ ಮಾಡುತ್ತದೆ.

ಫಲಕದಲ್ಲಿರುವುದು 4.9152 ಮೆಗಾಹರ್ಟ್ಸ್ ಸ್ಫಟಿಕವಾಗಿದ್ದು, ಕಡತದಲ್ಲಿ 4000000 ಎಂದು ಬರೆಯಲಾಗಿದೆ ಎಂದು ಭಾವಿಸೋಣ. ಚಿಪ್ ಒಪ್ಪುವ ಹೊರಗಿನ ಕ್ಲಾಕ್‌ನ ವ್ಯಾಪ್ತಿ 2.4576ರಿಂದ 5.12 ಮೆಗಾಹರ್ಟ್ಸ್ ಆಗಿರುವುದರಿಂದ ಈ ಸಂಖ್ಯೆ ಅನುಮಾನ ಹುಟ್ಟಿಸುವುದಿಲ್ಲ. ಬಳಕೆದಾರ 50 ಹರ್ಟ್ಸ್ ಕೇಳಿದಾಗ ಚಾಲಕವು ಭಾಜಕವನ್ನು 78 ಎಂದು ಲೆಕ್ಕ ಹಾಕುತ್ತದೆ. ನಿಜವಾದ ದರ 4800ನ್ನು 78ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 61.5 ಹರ್ಟ್ಸ್ ಆಗುತ್ತದೆ. ಇದರಿಂದ ಎರಡು ದೋಷಗಳು ಒಟ್ಟಿಗೆ ಉಂಟಾಗುತ್ತವೆ. ಮೊದಲನೆಯದಾಗಿ, ಶೋಧಕದ ತಡೆ 50 ಹರ್ಟ್ಸ್‌ನಿಂದ ಸರಿದುಹೋಗಿ, ವಿದ್ಯುತ್ ಜಾಲದ ಅಡಚಣೆ ಅಳತೆಯೊಳಗೆ ಪ್ರವೇಶಿಸುತ್ತದೆ. ಎರಡನೆಯದಾಗಿ, ಕಾಲಮಾನವೇ ಹಿಗ್ಗುತ್ತದೆ: ಒಂದು ನಿಮಿಷದ ದಾಖಲೆ ಸುಮಾರು 74 ಸೆಕೆಂಡುಗಳದ್ದಾಗಿ ತೋರುತ್ತದೆ, 10 ಹರ್ಟ್ಸ್‌ನ ಕಂಪನ ಸುಮಾರು 8.14 ಹರ್ಟ್ಸ್ ಆಗಿ ಕಾಣುತ್ತದೆ. ಇಷ್ಟಾದರೂ ಸಾಧನ ಕೆಲಸ ಮಾಡುತ್ತಲೇ ಇರುತ್ತದೆ, ದಾಖಲೆಯಲ್ಲಿ ಒಂದು ದೋಷಸಂದೇಶವೂ ಬರುವುದಿಲ್ಲ. ಯಂತ್ರಗಳ ಕಂಪನ ಅಥವಾ ಹೃದಯಬಡಿತದಂತಹ ಕಾಲಾಧಾರಿತ ಅಳತೆಗಳಲ್ಲಿ ಇಂತಹ ಮೌನ ದೋಷ ಗಂಭೀರವಾದುದು.

== ಸಂಪರ್ಕವನ್ನು ನಮೂದಿಸದಿದ್ದರೆ ==

ಲಿನಕ್ಸ್ ಆರಂಭದ ಕೊನೆಯ ಹಂತದಲ್ಲಿ, ಯಾವ ಚಾಲಕವೂ ಕೇಳಿರದ ಕ್ಲಾಕ್‌ಗಳನ್ನು ವಿದ್ಯುತ್ ಉಳಿತಾಯಕ್ಕಾಗಿ ನಿಲ್ಲಿಸಲಾಗುತ್ತದೆ. ಎಡಿಸಿಗೆ ಅಗತ್ಯವಾದ ಕ್ಲಾಕ್‌ನ್ನು ಕಡತದಲ್ಲಿ ನಮೂದಿಸದಿದ್ದರೂ, ಬೂಟ್‌ಲೋಡರ್ ಅದನ್ನು ಮೊದಲೇ ತೆರೆದಿಟ್ಟಿದ್ದರೆ ಸಾಧನ ಕೆಲವು ಕ್ಷಣ ಸರಿಯಾಗಿಯೇ ನಡೆಯುತ್ತದೆ. ಆಮೇಲೆ ಕರ್ನಲ್ ಅದನ್ನು ಮುಚ್ಚಿದಾಗ ಪರಿವರ್ತನೆ ಮುಗಿಯದೆ ಕಾಲಮಿತಿ ಮೀರುತ್ತದೆ. 'ಕ್ಲಾಕ್_ಇಗ್ನೋರ್_ಅನ್‌ಯೂಸ್ಡ್' ಎಂಬ ಆರಂಭಿಕ ಆಯ್ಕೆಯನ್ನು ಕೊಟ್ಟಾಗ ತೊಂದರೆ ಮಾಯವಾದರೆ, ಯಾವುದೋ ಕ್ಲಾಕ್ ಸಂಪರ್ಕ ನಮೂದಾಗಿಲ್ಲ ಎಂದು ಊಹಿಸಬಹುದು. ಇದು ಪತ್ತೆಯ ಉಪಾಯವೇ ಹೊರತು ಪರಿಹಾರವಲ್ಲ.

ಸಂಪರ್ಕ ನಮೂದಾಗಿದ್ದು, ಪೂರೈಕೆದಾರನ ಚಾಲಕ ಇನ್ನೂ ಸಿದ್ಧವಾಗಿಲ್ಲದಿದ್ದರೆ ಕರ್ನಲ್ -517 ಎಂಬ ಸಂಖ್ಯೆಯನ್ನು ಹಿಂದಿರುಗಿಸಿ, ಎಡಿಸಿಯ ಆರಂಭವನ್ನು ಮುಂದೂಡುತ್ತದೆ. ಇದು ದೋಷವಲ್ಲ, ಅವಲಂಬನೆಗಳು ಸರಿಯಾದ ಕ್ರಮದಲ್ಲಿ ಸಿದ್ಧವಾಗಲು ಇರುವ ವ್ಯವಸ್ಥೆ. ಐಚ್ಛಿಕ ಕ್ಲಾಕ್‌ಗಳ ವಿಷಯದಲ್ಲಿ ಚಾಲಕ ಬರೆಯುವವರು, ಕ್ಲಾಕ್ ಇಲ್ಲವೇ ಇಲ್ಲ ಎಂಬ ಸ್ಥಿತಿಗೂ ಇನ್ನೂ ಸಿದ್ಧವಾಗಿಲ್ಲ ಎಂಬ ಸ್ಥಿತಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಎರಡನ್ನೂ ಒಂದೇ ಎಂದು ಭಾವಿಸಿದರೆ, ಹೊರಗೆ ನಿಖರವಾದ ಸ್ಫಟಿಕವಿದ್ದರೂ ಎಡಿಸಿ ಒಳಗಿನ ಆಂದೋಲಕದ ಮೇಲೆ ಕೆಲಸ ಮಾಡತೊಡಗಬಹುದು.

== ವಿವರಣೆಯ ನಿಯಮಗಳು ==

ಪ್ರತಿ ಸಾಧನದ ನೋಡ್‌ನಲ್ಲಿ ಯಾವ ಗುಣಗಳಿರಬೇಕು ಎಂಬುದನ್ನು ಬೈಂಡಿಂಗ್ ಎಂಬ ದಾಖಲೆ ನಿರ್ಧರಿಸುತ್ತದೆ. ಹಿಂದೆ ಇವು ಸಾಮಾನ್ಯ ಪಠ್ಯ ಕಡತಗಳಾಗಿದ್ದವು. ಈಗ ಬಹುಪಾಲು ದಾಖಲೆಗಳು ಯಾಮಲ್ ರೂಪದಲ್ಲಿದ್ದು, ಕಡತಗಳು ನಿಯಮಕ್ಕೆ ಅನುಗುಣವಾಗಿವೆಯೇ ಎಂದು ಯಂತ್ರವೇ ಪರೀಕ್ಷಿಸಬಲ್ಲದು. ಕ್ಲಾಕ್‌ಗಳ ಸಂಖ್ಯೆ, ಹೆಸರು, ಅವುಗಳ ಕ್ರಮ ಮತ್ತು ಕಡ್ಡಾಯವಾದವು ಯಾವುವು ಎಂಬುದನ್ನು ಇಲ್ಲಿ ಹೇಳಲಾಗಿರುತ್ತದೆ. ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾದರೆ ಅಥವಾ ಅಕ್ಷರ ತಪ್ಪಾದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆವರ್ತನದ ಸಂಖ್ಯೆ ಫಲಕದಲ್ಲಿರುವ ಸ್ಫಟಿಕಕ್ಕೆ ಹೊಂದುತ್ತದೆಯೇ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಬೈಂಡಿಂಗ್‌ಗಳ ರಚನೆಯಲ್ಲಿ ಎರಡು ತತ್ವಗಳನ್ನು ಪಾಲಿಸಲಾಗುತ್ತದೆ. ಡಿವೈಸ್ ಟ್ರೀ ಯಂತ್ರಾಂಶವನ್ನು ವಿವರಿಸಬೇಕೇ ಹೊರತು ಒಂದು ನಿರ್ದಿಷ್ಟ ಚಾಲಕದ ಅನುಕೂಲವನ್ನಲ್ಲ ಎಂಬುದು ಮೊದಲನೆಯದು. ಇಂದಿನ ಚಾಲಕ ಒಂದು ಕ್ಲಾಕ್‌ನ್ನು ಬಳಸದಿದ್ದರೂ ಚಿಪ್‌ಗೆ ಅದು ತಲುಪುತ್ತಿದ್ದರೆ ನಮೂದಿಸುವುದು ಉಚಿತ. ಹಳೆಯ ಕಡತ ಹೊಸ ಕರ್ನಲ್‌ನೊಂದಿಗೂ ಕೆಲಸ ಮಾಡಬೇಕು ಎಂಬುದು ಎರಡನೆಯದು. ಈ ಕಾರಣದಿಂದ ಈಗಾಗಲೇ ಬಳಕೆಯಲ್ಲಿರುವ ಬೈಂಡಿಂಗ್‌ಗೆ ಹೊಸ ಕ್ಲಾಕ್ ಸೇರಿಸುವಾಗ ಅದನ್ನು ಪಟ್ಟಿಯ ಕೊನೆಯಲ್ಲಿ, ಸಾಮಾನ್ಯವಾಗಿ ಐಚ್ಛಿಕವಾಗಿ ಸೇರಿಸಲಾಗುತ್ತದೆ.

== ಮಿತಿಗಳು ==

ಡಿವೈಸ್ ಟ್ರೀಯಲ್ಲಿ ಸಂಪರ್ಕ ಮತ್ತು ಆವರ್ತನವನ್ನು ಹೇಳಬಹುದು. 'ಕ್ಲಾಕ್-ಅಕ್ಯುರಸಿ' ಗುಣದಿಂದ ಸ್ಫಟಿಕದ ನಿಖರತೆಯನ್ನು ನೂರು ಕೋಟಿಯಲ್ಲಿ ಎಷ್ಟು ಭಾಗ ಎಂದು ಸೂಚಿಸಬಹುದು. ಆದರೆ ಕ್ಲಾಕ್‌ನ ಅಂಚುಗಳ ಸೂಕ್ಷ್ಮ ಅಲುಗಾಟವನ್ನು, ಅಂದರೆ ಜಿಟ್ಟರ್‌ನ್ನು ಈ ಗುಣಗಳು ವಿವರಿಸುವುದಿಲ್ಲ. ವೇಗದ ಎಡಿಸಿಗಳಲ್ಲಿ ಇದು ನಿರ್ಣಾಯಕ. 100 ಮೆಗಾಹರ್ಟ್ಸ್ ಸಂಕೇತವನ್ನು 1 ಪಿಕೋಸೆಕೆಂಡ್ ಜಿಟ್ಟರ್ ಇರುವ ಕ್ಲಾಕ್‌ನಿಂದ ಅಳೆದರೆ, ಸಂಕೇತ ಮತ್ತು ಗದ್ದಲದ ಅನುಪಾತ ಸುಮಾರು 64 ಡೆಸಿಬೆಲ್‌ಗಿಂತ ಹೆಚ್ಚಾಗಲಾರದು. ಆದರ್ಶ 16 ಬಿಟ್ ಎಡಿಸಿಯ ಅನುಪಾತ ಸುಮಾರು 98 ಡೆಸಿಬೆಲ್ ಎಂಬುದನ್ನು ಗಮನಿಸಿದರೆ, ಎಷ್ಟು ಬಿಟ್‌ಗಳು ವ್ಯರ್ಥವಾಗುತ್ತವೆ ಎಂಬುದು ತಿಳಿಯುತ್ತದೆ. ಇಂತಹ ಎಡಿಸಿಗೆ ಯಾವ ಮೂಲದಿಂದ ಕ್ಲಾಕ್ ಕೊಡಬೇಕೆಂಬ ನಿರ್ಧಾರ ಮಂಡಲ ವಿನ್ಯಾಸದಲ್ಲಿಯೇ ಆಗಬೇಕು. ಕಡತವು ಆ ನಿರ್ಧಾರವನ್ನು ದಾಖಲಿಸುತ್ತದೆ ಅಷ್ಟೆ.

== ಪರಿಶೀಲನೆ ==

ಚಾಲನೆಯಲ್ಲಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಡೀಬಗ್ ಕಡತವ್ಯವಸ್ಥೆಯ 'ಕ್ಲಾಕ್_ಸಮ್ಮರಿ' ಎಂಬ ಕಡತವನ್ನು ಓದಿದರೆ ಎಲ್ಲ ಕ್ಲಾಕ್‌ಗಳ ವಂಶವೃಕ್ಷ, ದರ ಮತ್ತು ಬಳಕೆದಾರರ ಸಂಖ್ಯೆ ಕಾಣುತ್ತದೆ. ಎಡಿಸಿಯ ಕ್ಲಾಕ್ ಅಲ್ಲಿ ನಿರೀಕ್ಷಿತ ಮೂಲದ ಅಡಿಯಲ್ಲಿದೆಯೇ, ಪರಿವರ್ತನೆಯ ಸಮಯದಲ್ಲಿ ತೆರೆದಿದೆಯೇ ಎಂದು ನೋಡಬಹುದು. ಆದರೆ ಅಲ್ಲಿ ಕಾಣುವ ದರವೂ ಕಡತದಲ್ಲಿ ಬರೆದ ಸಂಖ್ಯೆಯಿಂದಲೇ ಲೆಕ್ಕ ಹಾಕಿದ್ದು. ಆದ್ದರಿಂದ ಕೊನೆಯ ಪರೀಕ್ಷೆಯಾಗಿ, ಆವರ್ತನ ಗೊತ್ತಿರುವ ಒಂದು ಸಂಕೇತವನ್ನು ಎಡಿಸಿಗೆ ಕೊಟ್ಟು, ದಾಖಲೆಯಲ್ಲಿ ಅದೇ ಆವರ್ತನ ಬರುತ್ತದೆಯೇ ಎಂದು ನೋಡುವುದು ವಾಡಿಕೆ. ಎರಡೂ ಹೊಂದಿಕೆಯಾದರೆ ಫಲಕ ಮತ್ತು ಕಡತ ಎರಡೂ ಒಂದೇ ಮಾತನ್ನು ಹೇಳುತ್ತಿವೆ ಎಂದರ್ಥ.

== ಇವನ್ನೂ ನೋಡಿ ==

* ಅನಲಾಗ್-ಡಿಜಿಟಲ್ ಪರಿವರ್ತಕ
* ಲಿನಕ್ಸ್ ಕರ್ನಲ್
* ಸ್ಫಟಿಕ ಆಂದೋಲಕ
* ಎಂಬೆಡೆಡ್ ವ್ಯವಸ್ಥೆ